ಹೆದರುತ್ತಲೇ ಓದುತ್ತಿದ್ದ ಟೀಚರ್

ಪುತ್ತೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದರು. ಪಾಳುಕೋಟೆಯ ನೆಲಮಾಳಿಗೆಯಲ್ಲಿ ಸತ್ತವರನ್ನು ಮಂತ್ರದಿಂದ ಎಬ್ಬಿಸುವವನ ಕಥೆಯಿರುವ ದಪ್ಪ ಕಾದಂಬರಿಯೊಂದು ಅವರಿಗೆ ಪ್ರಾಣ. ಆದರೆ ಒಬ್ಬರೇ ಓದಲು ಧೈರ್ಯವಿಲ್ಲ. ಹಾಡಹಗಲೇ ಪುಸ್ತಕ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು.

"ನೀವು ಎಂತ ಮಾತಾಡುದೂ ಬೇಡ, ಇಲ್ಲಿ ಕೂತ್ರೆ ಸಾಕು ಮಾರಾಯ್ರೆ," ಎನ್ನುವರು. ನೆಲಮಾಳಿಗೆಯ ಬಾಗಿಲು ತೆರೆಯುವ ಪುಟ ಬಂದರೆ ಸೆರಗಿನಿಂದ ಕಿವಿ ಮುಚ್ಚಿಕೊಂಡು ಓದುವರು.

ಎದುರಿನ ಬಾಡಿಗೆ ಮನೆಗೆ ಸುಳ್ಯ ಕಡೆಯ ಯುವ ವಿಧವೆಯೊಬ್ಬಳು ಬಂದಳು. ಆಕೆ ಮಾಟ ಮಾಡುತ್ತಾಳೆಂದು ಯಾರೋ ಸುದ್ದಿ ಹಬ್ಬಿಸಿದರು. ಒಂದು ಬೆಳಿಗ್ಗೆ ರಸ್ತೆಯಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡದ್ದೇ ತಡ, ಬೀದಿಯವರು ಅವಳ ಗೇಟಿನೆದುರು ಸೇರಿ, "ಇವತ್ತೇ ಮನೆ ಖಾಲಿ ಮಾಡಿ," ಎಂದು ಕೂಗಾಡಿದರು. ಅವಳು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು.

ಟೀಚರ್ ಬಂದರು. ನಿಂಬೆಹಣ್ಣನ್ನು ಎತ್ತಿ ಚರಂಡಿಗೆ ಎಸೆದರು. ಆಮೇಲೆ ಅವಳ ಪಕ್ಕ ಕೂತು, ಎಲ್ಲರಿಗೂ ಕೇಳುವಂತೆ, "ಚಾ ಉಂಟಾ ಮಗಾ? ಇನ್ನೂ ಎಂತದೂ ಕುಡಿಲಿಲ್ಲ ನಾನು," ಎಂದರು. ಅವಳು ತಂದ ಚಹಾವನ್ನು ಅಲ್ಲೇ ಕೂತು ಕುಡಿದರು. ಜನ ಒಬ್ಬೊಬ್ಬರಾಗಿ ಕರಗಿದರು. ಮನೆ ಖಾಲಿಯಾಗಲಿಲ್ಲ.

"ಹೆದರಿಕೆ ಆಗ್ಲಿಲ್ವಾ ಟೀಚರ್?" ಎಂದು ಆಮೇಲೆ ಕೇಳಿದೆ.

"ಆಗದೆ ಎಂತ! ಆದ್ರೆ ಆ ಹುಡುಗಿಗೆ ನನಗಿಂತ ಜಾಸ್ತಿ ಆಗಿತ್ತಲ್ಲ," ಎಂದರು.