ನನ್ನನ್ನೂ ಆಟಕ್ಕೆ ಸೇರಿಸಿಕೊಲ್ಲುವಿರಾ?

ಎರಡು ವರ್ಷ ಜರ್ಮನಿಯಲ್ಲಿದ್ದು ಶ್ರೀಗಂಧದ ಕಾವಲಿನ ಮನೆಗೆ ವಾಪಸ್ ಬಂದ ದಿನ, ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ನಮ್ಮಮ್ಮನಿಗೆ ನನ್ನ ಮಗಳು ಹೇಳಿದ ಮೊದಲ ಮಾತು ಇದು: "ಅಜ್ಜಿ, ನೀವು ಆರೋಗ್ಯವಾಗಿರುವಿರಾ?"

ಅಮ್ಮ ಬೇರೆ ಯಾರೋ ಮಾತಾಡಿದರೇನೋ ಅನ್ನುವ ಹಾಗೆ ನನ್ನ ಹಿಂದೆ ಇಣುಕಿ ನೋಡಿದಳು. ಹಿಂದೆ ಇದ್ದದ್ದು ಸೂಟ್‌ಕೇಸುಗಳು ಮಾತ್ರ. ಆಮೇಲೆ ಐದು ವರ್ಷದ ಮೊಮ್ಮಗಳ ಮುಖ ನೋಡಿ, "ಹೂಂ ಕಣವ್ವಾ, ಚೆನ್ನಾಗಿವ್ನಿ" ಅಂದಳು. ನನ್ನ ಕಡೆ ತಿರುಗಿ, "ಏನೋ ಇದು, ಮಗೀಗೆ ಹರಿಕತೆ ಕಲಿಸ್ಕೊಂಡು ಬಂದಿದೀಯ?" ಅಂದಳು.

ಎಲ್ಲರೂ ನಕ್ಕೆವು. ನಾನಂತೂ ಸ್ವಲ್ಪ ಹೆಮ್ಮೆಯಿಂದಲೇ ನಕ್ಕೆ. ಹೊರದೇಶಕ್ಕೆ ಹೋದ ಮಕ್ಕಳು ಕನ್ನಡ ಮರೆತು ಬರುತ್ತವೆ ಅಂತ ಊರೆಲ್ಲ ಹೇಳುತ್ತಿದ್ದರು. ನಮ್ಮದು ಹೆಚ್ಚಿಗೆ ಕಲಿತು ಬಂದಿತ್ತು.

ನಮ್ಮಮ್ಮ ಆ ಎರಡು ವರ್ಷ ಮೊಮ್ಮಗಳಿಗೆ ಒಂದು ಕತೆಯನ್ನೂ ಹೇಳಿರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಹೇಳಮ್ಮ ಅಂದರೆ, "ಫೋನ್‌ನಾಗೆ ಏನ್ ಕತೆನೋ, ಆ ಕಡೆ ಹೂಂ ಅನ್ನೋದು ಈ ಕಡೆ ಬರೋ ಹೊತ್ಗೆ ಕತೆ ಮುಂದಕ್ಕೋಗಿರ್ತೈತೆ. ಬರ್ಲಿ, ತೊಡೆ ಮೇಲೆ ಕೂರಿಸ್ಕೊಂಡು ಹೇಳ್ತೀನಿ" ಅನ್ನುತ್ತಿದ್ದಳು. ಕತೆಗಳನ್ನು ಉಪ್ಪಿನಕಾಯಿ ಥರ ಜಾಡಿಯಲ್ಲಿ ಕಟ್ಟಿಟ್ಟು ಕಾಯುತ್ತಿದ್ದಳು. ಅವಳು ಕೇಳುತ್ತಿದ್ದದ್ದು ಇಷ್ಟೇ: ಹೇಳುವಾಗ ಎದುರಿನಿಂದ ಒಂದು "ಹೂಂ", ನಡುವೆ ಒಂದು "ಆಮೇಲೆ?"

ನಾನು ಅಲ್ಲಿಗೆ ಹೋದದ್ದು ಒಂದು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಲಿಕ್ಕೆ. ಸಣ್ಣ ಊರು. ತರಗತಿಯಲ್ಲಿ ಒಂದು ಬೆಂಚಿಗೆ ಸಾಲುವಷ್ಟು ಜನ. ನನ್ನ ಕನ್ನಡ ಪುಸ್ತಕದಿಂದ ಬಂದದ್ದಲ್ಲ. ಶ್ರೀಗಂಧದ ಕಾವಲಿನಲ್ಲಿ ಸೈಟುಗಳ ಬದಲು ಇನ್ನೂ ರಾಗಿ ಹೊಲ ಇದ್ದಾಗ, ನಮ್ಮಜ್ಜಿ, ಅಜ್ಜಿಯ ತಂಗಿಯರು, ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಊರವರನ್ನೆಲ್ಲ ಒಬ್ಬೊಬ್ಬರನ್ನಾಗಿ ಸುಲಿಯುತ್ತಿದ್ದರಲ್ಲ, ಅಲ್ಲಿಂದ ಬಂದದ್ದು. ಆದರೆ ಪರದೇಶದವರಿಗೆ ಅವರೆಕಾಯಿ ಸುಲಿಸಿ ಭಾಷೆ ಕಲಿಸಲಾಗುತ್ತದೆಯೇ? ಪಾಠ, ವಿಭಕ್ತಿ, ಪರೀಕ್ಷೆ ಬೇಕಲ್ಲ. "ನಾನು ನೀರನ್ನು ಕುಡಿಯುತ್ತೇನೆ" ಅಂತಲೇ ಶುರುಮಾಡಿದೆ.

ಅವರಲ್ಲಿ ಒಬ್ಬಳು ಹುಡುಗಿ, ಶಾಸನ ಓದಬೇಕು ಅಂತ ಕನ್ನಡಕ್ಕೆ ಬಂದವಳು. ಬಲು ಶ್ರದ್ಧೆ. ಒಂದು ದಿನ ನಾನು, "ನಮ್ಮೂರಲ್ಲಿ ಯಾರೂ ಕುಡಿಯುತ್ತೇನೆ ಅನ್ನಲ್ಲ, ಕುಡೀತೀನಿ ಅಂತಾರೆ" ಅಂದೆ.

"ಯಾವುದು ಸರಿ, ಸರ್?"

"ಎರಡೂ ಸರಿ."

ಅವಳು ಸ್ವಲ್ಪ ಯೋಚಿಸಿ, "ಹಾಗಾದರೆ ನಾನು ಮೊದಲು ಒಂದು ಸರಿಯನ್ನು ಕಲಿಯುತ್ತೇನೆ" ಅಂದಳು. ಕಲಿತಳು ಕೂಡ. ಒಂದು ಅಕ್ಷರ ಮಾತ್ರ ಅವಳ ನಾಲಿಗೆಗೆ ಕೊನೆಯವರೆಗೂ ಮಣಿಯಲಿಲ್ಲ. ಬಾಳೆಹಣ್ಣು ಅವಳ ಬಾಯಲ್ಲಿ ಬಾಲೆಹಣ್ಣೇ.

ನನ್ನ ಪಾಠ ಮಧ್ಯಾಹ್ನ. ನನ್ನ ಹೆಂಡತಿ ಆ ಹೊತ್ತಿಗೆ ಜರ್ಮನ್ ಕ್ಲಾಸಿಗೆ ಹೋಗಬೇಕು. ಅದನ್ನು ಕಲಿಯದಿದ್ದರೆ ಔಷಧಿ ಅಂಗಡಿಯಲ್ಲೂ ಮೂಕಿ. ಮಗುವನ್ನು ನೋಡಿಕೊಳ್ಳುವವರು ಯಾರು ಅಂತ ಒದ್ದಾಡುತ್ತಿದ್ದಾಗ ಆ ಹುಡುಗಿಯೇ ಮುಂದೆ ಬಂದಳು. "ನನಗೆ ಅಭ್ಯಾಸವೂ ಆಗುತ್ತದೆ, ಸರ್." ಎಂಥಾ ಅನುಕೂಲ ನೋಡಿ! ಮಗುವಿಗೆ ಕನ್ನಡದಲ್ಲೇ ಆರೈಕೆ, ಅದೂ ಜರ್ಮನಿಯಲ್ಲಿ!

ಆಗ ನಮಗೆ ತೋಚದೇ ಹೋದ ವಿಷಯ ಒಂದಿತ್ತು. ಪರದೇಶದ ಬದುಕಲ್ಲಿ ಅಪ್ಪ ಅಮ್ಮ ಮಗುವಿನ ಹತ್ತಿರ ಆಡುವುದು ಮಾತಲ್ಲ, ಆರ್ಡರು. "ಶೂ ಹಾಕ್ಕೋ, ಟೋಪಿ ಎಲ್ಲಿ, ಬೇಗ್ ತಿನ್ನು, ಬಸ್ ಹೋಗುತ್ತೆ." ಕೂತು ಮಾತಾಡಲು ಪುರುಸೊತ್ತು ಇದ್ದವಳು ಆ ಹುಡುಗಿ ಒಬ್ಬಳೇ. "ಇದು ಯಾರ ಮನೆ? ಇದು ಅಲಿಲಿನ ಮನೆ. ಅಲಿಲು ಏನನ್ನು ತಿನ್ನುತ್ತದೆ?" ಅಂತ ಚಿತ್ರ ತೋರಿಸಿ, ಒಂದೊಂದು ಪದವನ್ನೂ ಸಾಣೆ ಹಿಡಿದು, ನಿಧಾನಕ್ಕೆ, ಪ್ರೀತಿಯಿಂದ. ಯಾರಿಗೆ ಪುರುಸೊತ್ತಿತ್ತೋ ಮಗು ಅವರ ಕನ್ನಡ ಕಲಿಯಿತು. ಊಟಕ್ಕೆ ಕೂತಾಗ "ನನಗೆ ಮೊಸರನ್ನು ನೀಡಿರಿ" ಅಂದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಮೊಸರನ್ನು ನೀಡುತ್ತಿದ್ದೆವು.

ವಾಪಸ್ ಬಂದ ವಾರದಲ್ಲೇ ಒಂದು ಸಂಜೆ ಅವಳು ಬೀದಿಗೆ ಇಳಿದಳು. ಮಕ್ಕಳು ಲಾಕ್ ಆಂಡ್ ಕೀ ಆಡುತ್ತಿದ್ದವು. ನಾನು ಮಹಡಿ ಮೇಲೆ ಬಟ್ಟೆ ತೆಗೆಯುತ್ತಾ ನೋಡುತ್ತಿದ್ದೆ. ಇವಳು ಹೋಗಿ ಕೈ ಕಟ್ಟಿ ನಿಂತು, ಸ್ಪಷ್ಟವಾಗಿ, ಬೀದಿಗೆಲ್ಲ ಕೇಳುವ ಹಾಗೆ ಅಂದಳು:

"ನನ್ನನ್ನೂ ಆಟಕ್ಕೆ ಸೇರಿಸಿಕೊಲ್ಲುವಿರಾ?"

ಓಡುತ್ತಿದ್ದವರು ನಿಂತರು.

"ಕೊಲ್ಲುವಿರಾ ಅಂತೆ! ಯಾರನ್ನ ಕೊಲ್ಬೇಕೇ?" ಅಂದಳು ಒಬ್ಬಳು ಜಡೆ ಹುಡುಗಿ.

"ಏಯ್, ಮೆಟ್ರೋ ಬಂತು ಕಣ್ರೋ!" ಅಂದ ಇನ್ನೊಬ್ಬ. ಮೂಗು ಹಿಡಿದುಕೊಂಡು, ಮೆಟ್ರೋ ರೈಲಿನ ಅನೌನ್ಸ್‌ಮೆಂಟಿನ ಥರ, "ಮುಂದಿನ ನಿಲ್ದಾಣ ಅತ್ತಿಗುಪ್ಪೆ! ಬಾಗಿಲುಗಳು ಎಡಕ್ಕೆ ತೆರೆಯುತ್ತವೆ!"

ನನ್ನ ಮಗಳು ಬೀದಿಯ ಎರಡೂ ಕಡೆ ನೋಡಿ, ವಿನಯವಾಗಿ ತಿದ್ದಿದಳು: "ಇಲ್ಲಿ ರೈಲು ಇರುವುದಿಲ್ಲ."

ಮುಗಿಯಿತು. ಅವು ನೆಲದ ಮೇಲೆ ಬಿದ್ದು ಹೊರಳಿದವು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ನಮ್ಮ ಬೀದಿ ಮಕ್ಕಳು ಕೆಟ್ಟವರಲ್ಲ. ಆಟಕ್ಕೂ ಸೇರಿಸಿಕೊಂಡರು. ಆದರೆ ಅವಳಿಗೆ ಮೆಟ್ರೋ ಅಂತ ಹೆಸರಾಯಿತು. "ಮೆಟ್ರೋ, ಇನ್ನೊಂದ್ ಸಲ ಹೇಳೇ, ಪ್ಲೀಸ್ ಕಣೇ" ಅಂತ ಕಾಡಿ, ಅವಳು ಬಾಯಿ ಬಿಟ್ಟ ಕೂಡಲೇ ಮೂಗು ಹಿಡಿಯುವುದು. ಮೊದಮೊದಲು ಅವಳು ಕೇಳಿದ್ದಕ್ಕೆಲ್ಲ ಹೇಳಿದಳು. ಆಮೇಲೆ ಅವಳಿಗೆ ಅರ್ಥವಾಯಿತು.

"ಅಪ್ಪಾ, ಅವರು ಏಕೆ ನಗುತ್ತಾರೆ? ನಾನು ತಪ್ಪಾಗಿ ಹೇಲಿದೆನೇ?"

"ಇಲ್ಲ ಪುಟ್ಟಾ, ಸರಿಯಾಗೇ ಹೇಳಿದೀಯ."

"ಸರಿಯಾಗಿದ್ದರೆ ಏಕೆ ನಗುತ್ತಾರೆ?"

ಇಷ್ಟು ವರ್ಷ ಕನ್ನಡ ಪಾಠ ಹೇಳಿದ್ದೇನೆ. ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಸರಿ, ಮಾತು ತಾನೇ, ಕಲಿಸಿದರಾಯಿತು ಅಂತ ಕೂತೆ. "ಸೇರಿಸ್ಕೊಳ್ತೀರಾ ಅನ್ನು." ಅವಳು ಪ್ರತಿ ಅಕ್ಷರವನ್ನೂ ನೆಟ್ಟಗೆ ನಿಲ್ಲಿಸಿ ಹೇಳಿದಳು. "ಹಾಗಲ್ಲ, ಮಧ್ಯದಲ್ಲಿ ನುಂಗು." "ಯಾವುದನ್ನು ನುಂಗಬೇಕು?" ಯಾವುದನ್ನು ನುಂಗಬೇಕು ಅಂತ ನಾನು ಯೋಚಿಸಿದೆ. ಅಕ್ಷರ ಕೂಡಿಸುವುದಕ್ಕೆ ನನ್ನ ಹತ್ತಿರ ಬೇಕಾದಷ್ಟು ಸೂತ್ರ ಇತ್ತು. ನುಂಗುವುದಕ್ಕೆ ಒಂದೂ ಇರಲಿಲ್ಲ. ನಮ್ಮಜ್ಜಿ ಎಲೆ ಅಡಿಕೆಯ ಜೊತೆ ಅರ್ಧ ಮಾತು ಜಗಿದು ಉಳಿದರ್ಧವನ್ನು ಹೇಳುತ್ತಿದ್ದಳು, ನಮಗೆ ಪೂರ್ತಿ ತಿಳಿಯುತ್ತಿತ್ತು. ಅದನ್ನು ಹೇಳಿಕೊಡುವುದು ಹೇಗೆ?

ಕೊನೆಗೆ ಮಗಳೇ ನನ್ನ ಮೇಲೆ ಕನಿಕರಪಟ್ಟು, "ನೀವು ತಪ್ಪಾಗಿ ಹೇಲುತ್ತಿದ್ದೀರಿ ಅಪ್ಪಾ. ಅಕ್ಕ ಹೀಗೆ ಹೇಲುವುದಿಲ್ಲ" ಅಂದಳು. ಅಕ್ಕ ಅಂದರೆ ಜರ್ಮನಿಯ ಆ ಹುಡುಗಿ.

"ನೀವು ಸುಮ್ನಿರಿ, ಪಾಠ ಮಾಡಿ ಇನ್ನೊಂದಿಷ್ಟು ಕೆಡಿಸ್ಬೇಡಿ. ತಾನಾಗೇ ಬರುತ್ತೆ" ಅಂದಳು ನನ್ನ ಹೆಂಡತಿ. ನಮ್ಮಮ್ಮನೂ ಅದನ್ನೇ ಅಂದಳು: "ಆಡ್ತಾ ಆಡ್ತಾ ಭಾಷೆ ಕಣೋ."

ಅಮ್ಮನ ಗಾದೆ ಸರಿ. ನಮ್ಮ ಭಾಷೆಯಲ್ಲಿ ಆಟವನ್ನೂ ಆಡುತ್ತಾರೆ, ಮಾತನ್ನೂ ಆಡುತ್ತಾರೆ. ಎರಡಕ್ಕೂ ಅದೇ ಒಂದು ಪದ. ಆದರೆ ನನ್ನ ಮಗಳು ಬೀದಿಗೆ ಇಳಿಯುವುದನ್ನೇ ಬಿಟ್ಟಳು. ಆಟ ನಿಂತಿತು, ಅದರ ಹಿಂದೆಯೇ ಮಾತೂ ನಿಂತಿತು. ಮನೆಯಲ್ಲೂ ಬೇಕು ಅಂದರೆ ತಲೆ ಆಡಿಸುವುದು, ಬೇಡ ಅಂದರೆ ತಲೆ ಆಡಿಸುವುದು.

ಅಮ್ಮ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಕತೆ ಶುರುಮಾಡುತ್ತಿದ್ದಳು. "ಒಂದೂರ್ನಾಗೆ ಒಬ್ಬ ಮುದ್ಕಿ ಇದ್ಳಂತೆ..." ಮಗು ಅಲುಗಾಡದೆ ಕೂತಿರುತ್ತಿತ್ತು. ಅಜ್ಜಿಯ ನುಂಗಿದ ಮಾತು ಅವಳಿಗೆ ಅರ್ಧವೂ ಹತ್ತುತ್ತಿರಲಿಲ್ಲ ಅಂತ ಕಾಣುತ್ತದೆ. ಅಮ್ಮ ಕಾಯುವಳು, ಮುಂದಕ್ಕೆ ಹೋಗುವಳು, ಮತ್ತೆ ಕಾಯುವಳು. "ಹೂಂ ಅನ್ನವ್ವಾ. ಹೂಂ ಅನ್ನದಿದ್ರೆ ಕತೆ ಹೆಂಗೆ ನಡೀತೈತೆ?" ಹೂಂ ಬರುತ್ತಿರಲಿಲ್ಲ. ಮುದುಕಿಯನ್ನು ದಾರಿಯಲ್ಲೇ ಬಿಟ್ಟು ಅಮ್ಮ ಕಾಫಿಗೆ ಏಳುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದುಕೊಂಡು, ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಭಾನುವಾರ ಜರ್ಮನಿಯಿಂದ ಆ ಹುಡುಗಿ ವಿಡಿಯೋ ಕಾಲ್ ಮಾಡುವ ರೂಢಿ ಇತ್ತು. ಮೊದಲು ಇವಳು ಫೋನ್ ಕಿತ್ತುಕೊಂಡು ಓಡುತ್ತಿದ್ದವಳು ಈಗ ಮಂಚದ ಕೆಳಗೆ ನುಸುಳತೊಡಗಿದಳು.

"ಸರ್, ಅವಲು ನನ್ನ ಮೇಲೆ ಕೋಪಗೊಂಡಿದ್ದಾಲೆಯೇ?"

"ಇಲ್ಲಮ್ಮ, ಮಲಗಿದ್ದಾಳೆ" ಅಂದೆ. ಇನ್ನೇನು ಹೇಳಲಿ? ನೀನು ಕೊಟ್ಟ ಮಾತು ಇಲ್ಲಿ ಚಲಾವಣೆ ಆಗುತ್ತಿಲ್ಲ ಅಂತಲೇ? ಅದನ್ನು ಅವಳಿಗೆ ಕೊಟ್ಟವನು ನಾನು.

ಜೂನ್ ಬಂತು. ಅನ್ನಪೂರ್ಣೇಶ್ವರಿ ನಗರದಲ್ಲಿ ಒಂದು ಸ್ಕೂಲಿಗೆ ಸೇರಿಸಿದೆವು. ದಸರಾ ರಜೆ ಬರುವ ಹೊತ್ತಿಗೆ ಮಗಳ ಬಾಯಿ ಬಿಚ್ಚಿಕೊಂಡಿತು, ಇಂಗ್ಲಿಷಿನಲ್ಲಿ. ಬಸ್ಸಿಳಿದು ಬಂದವಳು ಮಲಗುವ ತನಕ ಇಂಗ್ಲಿಷೇ. ಬೀದಿಗೂ ಇಳಿದಳು. ಮೂಗು ಹಿಡಿದಿದ್ದ ಹುಡುಗನೇ ಈಗ ಗೇಟಿನ ಹತ್ತಿರ ನಿಂತು, "ಆಂಟಿ, ಅವಳನ್ನ ಕಳ್ಸಿ, ಟೀಮ್‌ಗೆ ಒಬ್ರು ಕಮ್ಮಿ ಆಗ್ತಾರೆ" ಅನ್ನುತ್ತಿದ್ದ. ಮೆಟ್ರೋ ಅನ್ನುವ ಹೆಸರು ಯಾವಾಗ ಬಿದ್ದುಹೋಯಿತೋ ತಿಳಿಯಲಿಲ್ಲ.

ಎದುರು ಮನೆಯ ಆಂಟಿ ನನ್ನನ್ನು ನಿಲ್ಲಿಸಿ, "ಏನ್ ಸಾರ್ ನಿಮ್ ಮಗಳು, ಏನ್ ಇಂಗ್ಲಿಷು! ಫಾರಿನ್ ಅಂದ್ರೆ ಫಾರಿನ್ನೇ" ಅಂದರು.

"ಜರ್ಮನೀಲಿ ಇಂಗ್ಲಿಷ್ ಆಡಲ್ಲ ಆಂಟಿ. ಅವಳು ಕಲ್ತಿದ್ದು ಇಲ್ಲೇ."

"ಎಲ್ಲಾದ್ರೂ ಆಗ್ಲಿ ಬಿಡಿ ಸಾರ್, ಬಂತಲ್ಲ!"

ಮಗಳು ನಗುತ್ತಿದ್ದಾಳೆ, ಕುಣಿಯುತ್ತಿದ್ದಾಳೆ, ಮಂಡಿ ತರಚಿಕೊಂಡು ಬರುತ್ತಿದ್ದಾಳೆ. ಇದರಲ್ಲಿ ದುಃಖಪಡುವುದಕ್ಕೆ ಏನಿದೆ ಅಂತ ಹೆಂಡತಿಯೂ ಕೇಳಿದಳು, ನಾನೂ ಕೇಳಿಕೊಂಡೆ. ಕನ್ನಡದಲ್ಲಿ ಮಾತಾಡು ಅಂತ ಗದರಲು ಬಾಯಿ ಬರುತ್ತಿರಲಿಲ್ಲ. ಯಾವ ಕನ್ನಡ ಅಂತ ಅವಳು ಕೇಳಿದರೆ?

ಹೀಗಿರುವಾಗ ಒಂದು ಬೆಳಿಗ್ಗೆ ಅಮ್ಮ ಒಗ್ಗರಣೆ ಸೌಟು ಹಿಡಿದು ನನ್ನ ಹತ್ತಿರ ಬಂದಳು. ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಕೇಳಿದಳು: "ಲೋ, ಹಾಲು ಕುಡಿತೀಯ ಅನ್ನೋದನ್ನ ನಿನ್ ಬುಕ್‌ನಾಗೆ ಹೆಂಗಂತಾರೆ?"

"ಯಾಕಮ್ಮ?"

"ಹೇಳೋ ಅಂದ್ರೆ."

"ಹಾಲನ್ನು ಕುಡಿಯುವೆಯಾ?"

"ಹಾಲನ್ನು. ಕುಡಿಯುವೆಯಾ." ಹೇಳಿಕೊಂಡೇ ಅಡುಗೆಮನೆಗೆ ಹೋದಳು. ಆಮೇಲೆ ದಿನವೂ ಒಂದೊಂದು ಕೇಳುತ್ತಿದ್ದಳು. ಕತೆ ಕೇಳ್ತೀಯ ಅನ್ನೋದಕ್ಕೆ ಏನಂತಾರೆ, ಹತ್ರ ಬಾ ಅನ್ನೋದಕ್ಕೆ ಏನಂತಾರೆ. ತರಕಾರಿ ಹೆಚ್ಚುವಾಗ ಗೊಣಗಿಕೊಳ್ಳುವಳು. ನನಗೆ ಭಾಷೆ ಕೊಟ್ಟ ಬಾಯಿ ಅದು. ಅದನ್ನು ತಿದ್ದುತ್ತಾ ನಿಂತಿದ್ದೆ, "ಕುಳಿತುಕೋ ಅಮ್ಮ, ಕೂತ್ಕೋ ಅಲ್ಲ" ಅಂತ. ಅವಳು ತಪ್ಪಾದಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಒಂದು ಸಂಜೆ ಮಗಳು ಸ್ಕೂಲಿಂದ ಬಂದು ಶೂ ಬಿಚ್ಚುತ್ತಿದ್ದಳು. ಕೆಳಗೆ ಹುಡುಗರು ಆಗಲೇ ಕೂಗುತ್ತಿದ್ದರು. ಅಮ್ಮ ಲೋಟ ಹಿಡಿದು, ಸೆರಗು ಸರಿಮಾಡಿಕೊಂಡು, ನಾಟಕದ ಪಾತ್ರ ರಂಗಕ್ಕೆ ಬಂದ ಹಾಗೆ ಬಂದು ನಿಂತಳು.

"ಮಗುವೇ, ನೀನು ಹಾಲನ್ನು ಕುಡಿಯುವೆಯಾ? ನಾನು ನಿನಗೆ ಕತೆಯನ್ನು ಹೇಳುವೆನು."

ಒಂದೂ ತಪ್ಪಿರಲಿಲ್ಲ.

ಮಗಳು ತಲೆ ಎತ್ತಿದಳು. ಕ್ಷಣಹೊತ್ತು ಅವಳ ಕಣ್ಣು ಅಗಲವಾಯಿತು. ಆಮೇಲೆ ಕಿಟಕಿಯ ಕಡೆ, ಹುಡುಗರ ಕೂಗಿನ ಕಡೆ ನೋಡಿದಳು. ಕಿವಿಯವರೆಗೂ ಕೆಂಪಾದಳು.

"ಅಜ್ಜಿ, ಪ್ಲೀಸ್. ಐ ಡೋಂಟ್ ಟಾಕ್ ಲೈಕ್ ದಟ್ ಎನಿಮೋರ್. ದೇ ವಿಲ್ ಹಿಯರ್ ಯೂ."

ಚಪ್ಪಲಿ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದು ಓಡಿದಳು.

ಅಮ್ಮ ಲೋಟ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಏನಂದ್ಳೋ?"

"ಆಮೇಲೆ ಕುಡೀತಾಳಂತೆ ಅಮ್ಮ."

"ಅಷ್ಟುದ್ದ ಅಂದ್ಳಲ್ಲೋ. ಆಮೇಲೆ ಅನ್ನೋಕೆ ಅಷ್ಟೊಂದು ಬೇಕಾ ಆ ಭಾಷೇಲಿ?"

"ಹೂಂ ಅಮ್ಮ," ಅಂದೆ. "ಆ ಭಾಷೆ ಸ್ವಲ್ಪ ಉದ್ದ."