ಎದುರು ಗೋಡೆಯ ಸಂದುಗಳು

ಯಾರ ಅಡುಗೆಮನೆಯಲ್ಲಾದರೂ ಒಲೆಯ ಹಿಂದಿನ ಗೋಡೆ ಕೊಳೆಯಾಗುತ್ತದೆ. ಒಗ್ಗರಣೆ ಸಿಡಿಯುತ್ತದೆ, ಹಾಲು ಉಕ್ಕುತ್ತದೆ. ಶಿವಮೊಗ್ಗದ ಆಲ್ಕೊಳದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಆ ಗೋಡೆ ಚೊಕ್ಕಟವಾಗಿತ್ತು. ಕೊಳೆಯಾಗಿದ್ದದ್ದು ಅದರ ಎದುರಿನ ಗೋಡೆ, ಊಟದ ಮೇಜಿನ ಪಕ್ಕದ್ದು. ಅದೂ ನಿಂತ ಹೆಂಗಸಿನ ತಲೆಯ ಎತ್ತರದಲ್ಲಿ.

ಭಾವ ಎಸೆಯುವ ಮನುಷ್ಯ. ಸಾರಿಗೆ ಉಪ್ಪು ಕಮ್ಮಿಯಾದರೆ ಬಟ್ಟಲು, ಚಪಾತಿ ತಣ್ಣಗಿದ್ದರೆ ತಟ್ಟೆ, ಯಾವ ತಪ್ಪೂ ಸಿಗದಿದ್ದರೆ ನೀರಿನ ಲೋಟ. ಹೊರಗೆ ಅವನಷ್ಟು ಮೆತ್ತಗಿನವನು ಇನ್ನೊಬ್ಬನಿಲ್ಲ. ಸವಳಂಗ ರಸ್ತೆಯ ಅಂಗಡಿಯವರೆಲ್ಲ ‘ಬನ್ನಿ ಸಾರ್, ಕೂತ್ಕೊಳ್ಳಿ ಸಾರ್’ ಎಂದು ಕುರ್ಚಿ ಕೊಡುತ್ತಾರೆ. ಎದುರಿಗೆ ನಾನೂ ‘ಬನ್ನಿ ಭಾವ’ ಅನ್ನುತ್ತೇನೆ, ಬರೆಯುವಾಗ ಮಾತ್ರ ಅವನಿಗೆ ಬಹುವಚನ ಕೊಡಲು ಕೈ ಬರುವುದಿಲ್ಲ. ಅಕ್ಕನ ಹುಬ್ಬಿನ ಮೇಲೆ ಲೋಟದ ಅಂಚು ಸೀಳಿದ ಗುರುತಿದೆ. ಕೇಳಿದವರಿಗೆ ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನುತ್ತಾಳೆ.

ಮದುವೆಗೆ ಬಂದ ಮಗಳನ್ನು ನೋಡಲು ಆಯನೂರಿನ ಕಡೆಯವರು ಬರುತ್ತಾರೆಂದು ಗೊತ್ತಾದಾಗ ಅಕ್ಕ ಭದ್ರಾವತಿಯಲ್ಲಿದ್ದ ನನಗೆ ಫೋನು ಮಾಡಿದಳು.

“ಗೋಡೆ ಉಜ್ಜಕ್ಕೆ ಬಾರೆ ಮಾರಾಯ್ತಿ. ಹುಡುಗನ ತಾಯಿ ನೀರಿನ ನೆಪ ಮಾಡ್ಕೊಂಡು ಅಡುಗೆಮನೆಗೆ ಬಂದೇ ಬರ್ತಾರೆ. ನಮ್ಮನೆ ಹಿಂಗೆ ಅಂತ ಗೊತ್ತಾದ್ರೆ ಮುಗೀತು.”

ಹೆಣ್ಣು ನೋಡಲು ಬಂದಾಗ ಗಂಡಸರು ಹಾಲ್‌ನಲ್ಲಿ ಹುಡುಗಿಯನ್ನು ನೋಡಿದರೆ, ಹುಡುಗನ ತಾಯಿ ಒಳಗೆ ಬಂದು ಅಡುಗೆಮನೆ ನೋಡುತ್ತಾಳೆ. ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅಕ್ಕನಿಗೆ ಬೇಕಾಗಿದ್ದುದು ಒಂದೇ. ಮಗಳು ಈ ಮನೆಯಿಂದ ಪಾರಾಗಿ, ಕೈ ಎತ್ತದ ಜನರ ನಡುವೆ ಸೇರಬೇಕು.

ನಾನು ಹೋಗುವಷ್ಟರಲ್ಲಿ ಅವಳು ಆಸಿಡ್ ಹಾಕಿ ನೋಡಿದ್ದಳು. ಟೈಲ್ಸಿನ ಸಂದಿನ ಸಿಮೆಂಟು ಪುಡಿಪುಡಿಯಾಗಿ ಉದುರುತ್ತಿತ್ತು, ಕಲೆ ಮಾತ್ರ ಜಪ್ಪಯ್ಯ ಅಂದರೂ ಬಿಟ್ಟಿರಲಿಲ್ಲ. ನೀರು ಹೊಡೆದು ತೊಳೆದು, ಸೋಪಿನ ಪುಡಿಯನ್ನು ಗಟ್ಟಿಯಾಗಿ ಕಲಸಿ ನಾನು ಸಂದುಗಳಿಗೆ ಮೆತ್ತಿದೆ. ನೋಡನೋಡುತ್ತಿದ್ದಂತೆ ಅವೆಲ್ಲ ಕೆಂಪಾದವು. ಸಾರಿನ ಅರಿಶಿನಕ್ಕೆ ಸೋಪು ತಾಗಿದರೆ ಹಾಗಾಗುತ್ತದೆಂದು ಗೊತ್ತಿದ್ದರೂ ಕೈ ಹಿಂದಕ್ಕೆ ಎಳೆದುಕೊಂಡೆ. ಒಡೆದ ತಲೆಯಿಂದ ಇಳಿಯುವಂತೆ ಕೆಂಪು ನೀರು ಬಿಳಿ ಟೈಲ್ಸಿನ ಮೇಲೆ ಇಳಿಯತೊಡಗಿತು.

“ಇದು ಯುಗಾದಿದು,” ಎಂದು ಅಕ್ಕ ಬೆರಳಿಟ್ಟು ತೋರಿಸಿದಳು. “ಇದು ನಿನ್ನ ಮಗನ ನಾಮಕರಣಕ್ಕೆ ನಾನು ಬರ್ಲಿಲ್ವಲ್ಲ, ಅವತ್ತಿಂದು. ಜ್ವರ ಅಂತ ಹೇಳಿದ್ದೆ ನಿಂಗೆ.”

ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಸಂದು ಕೆರೆಯತೊಡಗಿದೆ. ಕೆರೆದೆ ಅನ್ನುವುದು ಸುಳ್ಳು, ಇರಿದೆ. ಎಲ್ಲಿ ಚುಚ್ಚಿದರೂ ಭಾವನ ಮುಖವೇ ಕಾಣುತ್ತಿತ್ತು. ಒಂದು ಟೈಲ್ಸಿನ ಮೂಲೆ ಚಟ್ಟನೆ ಸೀಳಿತು. ನನ್ನ ಬೆರಳ ಗೆಣ್ಣು ಕಿತ್ತು ಬಂದ ರಕ್ತ ಆ ಕೆಂಪು ನೀರಿನಲ್ಲೇ ಸೇರಿಹೋಯಿತು.

“ಮೆಲ್ಲಗೆ ಮಾರಾಯ್ತಿ, ಗೋಡೆ ಏನು ಮಾಡಿತ್ತು ನಿಂಗೆ?”

“ಗೋಡೆಗಲ್ಲ ನಾನು ಚುಚ್ತಿರೋದು. ಬಿಟ್ಟು ಬಾ ಅವನನ್ನ, ನಮ್ಮನೇಲಿರು.”

“ಇವಳೊಬ್ಳು ಒಳ್ಳೆ ಕಡೆ ಸೇರ್ಲಿ. ಆಮೇಲೆ ಅವನು ನನ್ನ ಕೊಂದ್ರೂ ಅಷ್ಟೇ.”

ಆ ಮಾತಿಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆ ಮನೆಯ ಗಾಳಿಯೇ ಹಾಗೆ, ಹೋದವರ ಕೈಯೂ ತುರಿಸುತ್ತದೆ. ತೆಪ್ಪಗೆ ವೈಟ್ ಸಿಮೆಂಟ್ ಕಲಸಿ, ಕೆರೆದ ಸಂದುಗಳಿಗೆ ಬೆರಳಿನಿಂದ ತುಂಬಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಕಲೆಯಿದ್ದಷ್ಟು ಜಾಗಕ್ಕೆ ಮಾತ್ರ ಮಾಡಿ ಮುಗಿಸಿದೆವು. ಕೆಳಗಿನ ಸಂದುಗಳು ಹಳೇ ಬೂದು ಬಣ್ಣದಲ್ಲೇ ಉಳಿದವು. ತೇಪೆ ಹಾಕಿದಂತೆ ಕಾಣುತ್ತದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಅವರು ಬಂದರು. ಹುಡುಗ ಲಕ್ಷಣವಾಗಿದ್ದ, ತಲೆ ಬಗ್ಗಿಸಿಕೊಂಡು ಕೇಸರಿಬಾತು ತಿಂದ. ಭಾವ ಜೇನು ಸುರಿಯುವಂತೆ ಮಾತಾಡುತ್ತಿದ್ದ. ಅಕ್ಕ ಹೇಳಿದ ಹಾಗೇ ಹುಡುಗನ ತಾಯಿ ನೀರು ಕೇಳಿಕೊಂಡು ಒಳಗೆ ಬಂದರು. ಕುಡಿದ ಲೋಟ ಕೆಳಗಿಟ್ಟು ಗೋಡೆಯ ಹತ್ತಿರ ಹೋದರು. ಹೊಸ ಬಿಳುಪು ಸರಿಯಾಗಿ ಅವರ ಮುಖದ ನೇರಕ್ಕೆ ಬಂತು. ಅದರ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು.

“ಸೋಪು ಹಾಕಿದ್ರೆ ಕೆಂಪಾಗುತ್ತಮ್ಮ,” ಎಂದರು ಮೆಲ್ಲಗೆ. “ಮೊದ್ಲು ನಿಂಬೆಹಣ್ಣು ತಿಕ್ಕಬೇಕು. ನಮ್ಮನೇಲಿ ಅಪ್ಪಂದೂ ಮಗಂದೂ ಎರಡೂ ನಾನೇ ತೊಳೀಬೇಕಲ್ಲ, ಅಭ್ಯಾಸ ಆಗಿಹೋಗಿದೆ.”

ಎಚ್ಚರಿಸಲು ಹೇಳಿದರೋ, ಬಾಯಿ ತಪ್ಪಿ ಬಂತೋ, ನನಗೆ ಈಗಲೂ ಗೊತ್ತಿಲ್ಲ. ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ನಗುನಗುತ್ತಾ ಕೂತರು. ಅಕ್ಕ ಸಿಂಕಿನ ಅಂಚು ಹಿಡಿದುಕೊಂಡು ನಿಂತೇ ಇದ್ದಳು.

ಅವರ ಕಾರು ತಿರುವು ದಾಟುವ ಮೊದಲೇ ಅವಳು ಅಡುಗೆಮನೆಗೆ ಬಂದ ಭಾವನಿಗೆ ಹೇಳಿದಳು. “ಈ ಸಂಬಂಧ ಬೇಡ.”

“ಏನಾಗಿದೆ ಹುಡುಗನಿಗೆ?”

“ಅವನೂ ಎಸೀತಾನೆ.”

ಭಾವ ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನೇ ಎತ್ತಿ ಬೀಸಿದ. ಅಕ್ಕ ಪಕ್ಕಕ್ಕೆ ಸರಿದಳು. ಪಾತ್ರೆ ಗೋಡೆಗೆ ಬಡಿದು, ಆ ಸೀಳಿದ ಟೈಲ್ಸು ಪೂರ್ತಿ ಒಡೆದು ಉದುರಿತು. ಬಿಸಿ ಸಾರು ಬಿಳಿ ಸಂದುಗಳ ತುಂಬ ಹರಿಯಿತು. ಅವನು ಕೈ ಎತ್ತಿಕೊಂಡು ಮುಂದೆ ಬರುವಷ್ಟರಲ್ಲಿ ಕಿಟಕಿಯ ಮೇಲಿದ್ದ ಸ್ಕ್ರೂಡ್ರೈವರ್ ನನ್ನ ಕೈಯಲ್ಲಿತ್ತು.

“ಮುಟ್ಟಿ ನೋಡಿ ಭಾವ. ಸಂದಿಗೆ ಇಳಿಸಿದ ಹಾಗೇ ಇಳಿಸ್ತೀನಿ.”

ಬರೀ ಬಾಯಿಮಾತಾಗಿರಲಿಲ್ಲ ಅದು. ಅವನಿಗೂ ಅರ್ಥವಾಯಿತು. ಬಾಗಿಲು ಬಡಿದು ಹೊರಗೆ ಹೋದ. ನಾನು ಒರೆಸಲೆಂದು ಬಟ್ಟೆ ಎತ್ತಿಕೊಂಡರೆ ಅಕ್ಕ ಕಿತ್ತುಕೊಂಡಳು.

“ಬೇಡ. ಒಣಗ್ಲಿ.”

ಆ ಗೋಡೆಯನ್ನು ಅವಳು ಮತ್ತೆ ಮುಟ್ಟಲಿಲ್ಲ. ಅಸಹ್ಯ, ತೊಳಿ ಎಂದು ಭಾವ ಕೂಗಾಡಿದ್ದಕ್ಕೆ, ಬ್ರಷ್ ಅಲ್ಲೇ ಇದೆ ಎಂದಳಂತೆ. ಮುಂದೆ ಬೇರೊಂದು ಮನೆಯವರು ಹುಡುಗಿಯನ್ನು ನೋಡಲು ಬಂದಾಗ ನಾನೂ ಅಲ್ಲಿದ್ದೆ. ಅಕ್ಕ ನೀರಿನ ನೆಪಕ್ಕೆ ಕಾಯಲಿಲ್ಲ. ಹುಡುಗನ ತಾಯಿಯ ಕೈ ಹಿಡಿದು ತಾನೇ ಒಳಗೆ ಕರೆತಂದು, ಆ ಗೋಡೆಯ ಮುಂದೆ ನಿಲ್ಲಿಸಿದಳು.

ಆಕೆ ಕಲೆ ನೋಡಿದರು, ಒಡೆದ ಟೈಲ್ಸು ನೋಡಿದರು, ಆಮೇಲೆ ತಲೆಯೆತ್ತಿ ಚಾವಣಿ ನೋಡಿದರು.

“ಅಯ್ಯೋ, ಇದೇನ್ರೀ ಇದು? ಕುಕ್ಕರ್ ಸಿಡೀತಾ?”

ಅಕ್ಕ ಅವರ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಬಾಗಿಲ ಕಡೆ ತಿರುಗಿ ಮಗಳನ್ನು ಕರೆದಳು. “ಬಾರೆ, ಕಾಫಿ ತಗೊಂಡು ಹೋಗಿ ಕೊಡು.”