ಡಕೋಟಾದಲ್ಲಿ ಉರುಳಿದ ನಿಂಬೆಹಣ್ಣು

ಘಟ್ಟದ ಬಸ್ಸು ಹತ್ತುವಾಗ ನಮ್ಮವ್ವ ಎಲ್ಲರ ಕೈಗೂ ಒಂದೊಂದು ನಿಂಬೆಹಣ್ಣು ಕೊಡುತ್ತಿದ್ದಳು. ತಿರುವು ಬಂದಾಗೆಲ್ಲ ಮೂಗಿಗೆ ಹಿಡಿಯಬೇಕು, ಆಗ ಹೊಟ್ಟೆ ತೊಳಸುವುದಿಲ್ಲ. ಆ ಭಾನುವಾರ ಈ ಪರದೇಶದ ಪಾಮರ್ಸ್ಟನ್ ನಾರ್ತ್‌ನ ನಮ್ಮ ಹಿತ್ತಲ ಗಿಡದಿಂದ ನಾನು ಒಂದನ್ನು ಕಿತ್ತುಕೊಂಡದ್ದೂ ಅದಕ್ಕೇ.

ನಮ್ಮ ಮನೆಯವರ ಅರವತ್ತನೆಯ ಹುಟ್ಟುಹಬ್ಬಕ್ಕೆ ಮಗಳು ಹಳೆಯ ಮಿಲಿಟರಿ ವಿಮಾನದಲ್ಲಿ ಅರ್ಧ ಗಂಟೆಯ ಸುತ್ತಾಟ ಗೊತ್ತುಮಾಡಿದ್ದಳು, ಮೂವರಿಗೂ. ಮಹಾಯುದ್ಧದಲ್ಲಿ ಸೈನಿಕರನ್ನು ಹೊತ್ತ ಡಕೋಟಾ. "ನಮ್ಮೂರಾಗ ಕೆಟ್ಟು ನಿಂತ ಗಾಡಿಗೆ ಡಕೋಟಾ ಅಂತೀವಿ. ಇಲ್ಲಿ ಹುಟ್ಟುಹಬ್ಬಕ್ಕ ಅದನ್ನ ಹತ್ತಿಸ್ತಾರ ನೋಡು," ಎಂದು ನಮ್ಮ ಮನೆಯವರು ವಾರವೆಲ್ಲ ನಕ್ಕರು. ನಾನು ಕೆಳಗೇ ನಿಂತು ಫೋಟೊ ತೆಗೆಯುತ್ತೇನೆ ಎಂದಿದ್ದೆ. ಕೆಲವು ವರ್ಷಗಳ ಹಿಂದೆ ಊರಿನಿಂದ ಮರಳುವಾಗ ವೆಲಿಂಗ್ಟನ್ನಿನ ಗಾಳಿಗೆ ನಮ್ಮ ವಿಮಾನ ನೆಲ ಮುಟ್ಟಲು ಬಂದು ಮತ್ತೆ ಮೇಲೆದ್ದಿತ್ತು, ಒಂದಲ್ಲ, ಎರಡು ಸಲ. ಅಂದಿನಿಂದ ವಿಮಾನ ಹತ್ತಿಲ್ಲ, ಊರಿಗೂ ಹೋಗಿಲ್ಲ. ಮದುವೆ ಮುಂಜಿವೆಗಳನ್ನೆಲ್ಲ ಅಡುಗೆಮನೆಯ ಕಟ್ಟೆಗೆ ಫೋನು ಒರಗಿಸಿಟ್ಟು ನೋಡಿದವಳು ನಾನು.

ಅಷ್ಟರಲ್ಲಿ ಧಾರವಾಡದಿಂದ ಅಕ್ಕನ ಫೋನು ಬಂತು. ಅವಳ ಮಗಳ ಮದುವೆ ಗೊತ್ತಾಗಿತ್ತು. ಭಾವ ತೀರಿಕೊಂಡಿದ್ದಾರೆ, ಒಂಟಿ ಹೆಂಗಸು ಧಾರೆಗೆ ಕೂರುವಂತಿಲ್ಲ.

"ಧಾರೆ ನೀವಿಬ್ಬರೂ ಎರೀಬೇಕು," ಎಂದಳು. "ಬ್ಯಾರೆ ಯಾರನ್ನಾದರೂ ಕೂಡಸ್ರಿ ಅಂತಾರ ಬೀಗರು. ನನ್ನ ಮಗಳ ಕೈ ಹಿಡದು ಕೊಡಲಿಕ್ಕೆ ಹೊರಗಿನವರು ಯಾಕ? ನಿನಗ ಆಗೂದಿಲ್ಲಂದ್ರ ಈಗೇ ಹೇಳಿಬಿಡು ತಂಗಿ, ನಾ ಸಿಟ್ಟಾಗೂದಿಲ್ಲ."

ಸಿಟ್ಟಾಗುವುದಿಲ್ಲ ಎಂದದ್ದೇ ಚುಚ್ಚಿತು. ಭಾನುವಾರ ಹೇಳುತ್ತೇನೆ ಎಂದೆ. ಅರ್ಧ ಗಂಟೆ ಆಕಾಶದಲ್ಲಿ ಕೂರಲಾರದವಳು ಧಾರವಾಡದವರೆಗೆ ಹೇಗೆ ಹೋದಾಳು? ಮೊದಲು ಡಕೋಟಾ, ಆಮೇಲೆ ಉಳಿದದ್ದು.

ಭಾನುವಾರ ಬಯಲಿನಲ್ಲಿ ಅದು ಬಾಲ ನೆಲಕ್ಕೂರಿ, ಮೂತಿ ಮೇಲೆತ್ತಿ ನಿಂತಿತ್ತು. ಎಂಜಿನ್ನಿನಿಂದ ಎಣ್ಣೆ ತೊಟ್ಟಿಕ್ಕುವಲ್ಲಿ ಕೇಕ್ ಬೇಯಿಸುವ ಟ್ರೇ ಇಟ್ಟಿದ್ದರು, ನಮ್ಮ ಮನೆಯಲ್ಲಿರುವಂಥದೇ. ಅದನ್ನು ನೋಡಿ ತುಸು ಧೈರ್ಯವೂ ಬಂತು, ತುಸು ಹೋಯಿತು ಕೂಡ.

"ಮಮ್ಮಿ, ಯು ರಿಯಲಿ ಡೋಂಟ್ ಹ್ಯಾವ್ ಟು," ಎಂದಳು ಮಗಳು.

"ಐ ಹ್ಯಾವ್ ಟು," ಎಂದು ಏಣಿಗೆ ಕಾಲಿಟ್ಟೆ.

ಬಾಗಿಲು ಬಾಲದ ಹತ್ತಿರ. ಅಲ್ಲಿಂದ ಸೀಟಿಗೆ ಹೋಗುವುದೆಂದರೆ ದಿಣ್ಣೆ ಹತ್ತಿದಂತೆ, ಸಾಲುಸಾಲು ಸೀಟಿನ ಬೆನ್ನು ಹಿಡಿದು ಹೋಗಬೇಕು. ಕೂತು ಬೆಲ್ಟ್ ಬಿಗಿದುಕೊಂಡೆ. ಒಂದೊಂದಾಗಿ ಎರಡೂ ಎಂಜಿನ್ ಕೆಮ್ಮಿ, ಹೊಗೆ ಕಾರಿ, ಗುಡುಗತೊಡಗಿದವು. ಕೈಗಳು ತಾವಾಗೇ ಸೀಟಿನ ಹಿಡಿಯನ್ನು ಹುಡುಕಿದವು. ಮಡಿಲಲ್ಲಿದ್ದ ನಿಂಬೆಹಣ್ಣು ನೆಲಕ್ಕೆ ಬಿದ್ದು, ಆ ಇಳಿಜಾರಿನಲ್ಲಿ ಬಾಲದ ಕಡೆ ಉರುಳಿಕೊಂಡು ಹೋಯಿತು.

"ನಿಂಬೆಹಣ್ಣು ಹೋತು!"

"ಏನು?" ನಮ್ಮವರು ಕಿವಿ ಹತ್ತಿರ ತಂದರು.

"ನಿಂಬೆಹಣ್ಣು!"

"ಹೋಗ್ಲಿ ಬಿಡ, ಗಿಡದಾಗ ಇನ್ನೂ ಅವ!"

ಇಳಿದುಬಿಡುತ್ತೇನೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಕ್ಕನ ದನಿ ನೆನೆದು ನುಂಗಿಕೊಂಡೆ. ಕಾನ್ವೆಂಟಿನಲ್ಲಿ ಕಲಿತ ಹೇಲ್ ಮೇರಿ ಪ್ರಾರ್ಥನೆ ಶುರುವಾಯಿತು, ಅರ್ಧಕ್ಕೆ ಅದರೊಳಗೆ ರಾಯರ ಸ್ತೋತ್ರ ಸೇರಿಕೊಂಡಿತು. ಯಾವುದನ್ನೂ ತಡೆಯಲಿಲ್ಲ, ಇಬ್ಬರೂ ಬರಲಿ. ಅಷ್ಟರಲ್ಲಿ ನೆಲ ಬಿಟ್ಟಿದ್ದೆವು.

ಕಣ್ಣು ಮುಚ್ಚಬಾರದೆಂದು ಹಟ ಹಿಡಿದೆ. ಕಿಟಕಿಯ ಸುತ್ತ ರಿವೆಟ್ ಮೊಳೆಗಳ ಸಾಲು, ಒಂದಕ್ಕೆ ಮಾತ್ರ ಬಣ್ಣ ಹೊಸದು. ಕೆಳಗೆ ಕಂದು ನದಿ, ಹಸಿರಿನ ಮೇಲೆ ಚೆಲ್ಲಿದ ಚುರಮುರಿಯಂತೆ ಕುರಿಗಳು. ಗುಡ್ಡದ ಗಾಳಿಗೆ ವಿಮಾನ ಧಡ್ ಎಂದು ಕುಸಿಯಿತು. ಇನ್ನೊಮ್ಮೆ ಕುಸಿಯಿತು. ನಾನು ಕೂತೇ ಇದ್ದೆ.

ಆಗ ಗಮನಿಸಿದೆ, ಪಕ್ಕದಲ್ಲಿ ನಗೆಚಾಟಿಕೆ ನಿಂತಿತ್ತು. ಹುಟ್ಟುಹಬ್ಬದವರ ಮೇಲ್ದುಟಿಯಲ್ಲಿ ಬೆವರು, ಮುಖ ಹಿಂಡಿದ ಹುಣಸೆಯಂತಾಗಿತ್ತು.

"ಏನಾತ್ರೀ?"

ಅವರು ತಲೆಯಷ್ಟೇ ಅಲ್ಲಾಡಿಸಿದರು. ಬಾಯಿ ತೆರೆಯುವ ಧೈರ್ಯ ಅವರಿಗಿರಲಿಲ್ಲ.

ಇಳಿಯಲೆಂದು ವಿಮಾನ ಮೂತಿ ತಗ್ಗಿಸಿತು. ಹಿಂದಿನಿಂದ ಏನೋ ಉರುಳುತ್ತ, ಸೀಟಿನ ಕಾಲಿಗೆ ಬಡಿಯುತ್ತ ಬಂತು. ನನ್ನ ನಿಂಬೆಹಣ್ಣು! ಬೂಟಿನಿಂದ ತಡೆದೆ, ಬಗ್ಗಿ ಎತ್ತಿಕೊಂಡೆ, ಉಗುರಿನಿಂದ ಸಿಪ್ಪೆ ಗೀರಿ ಅವರ ಮೂಗಿಗೆ ಹಿಡಿದೆ. ಗಾಲಿ ನೆಲ ಮುಟ್ಟುವವರೆಗೆ ಅವರು ಅದನ್ನು ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ಬಿದ್ದುಬಿದ್ದು ನಗುತ್ತಿದ್ದಳು.

ಕಾರಿನ ಹತ್ತಿರ ಬಂದು, ನೀರು ಕುಡಿದು, ಅಕ್ಕನಿಗೆ ಫೋನು ಹಚ್ಚಿದೆ. ಅಲ್ಲಿ ಇನ್ನೂ ಬೆಳಗಿನ ಚಹಾದ ಹೊತ್ತು.

"ಬರ್ತೀವಿ ಅಕ್ಕ. ಆದ್ರ ಒಂದು ಮಾತು. ಧಾರೆ ಎರೆಯುವಾಗ ತಂಬಿಗಿಗೆ ನಿನ್ನ ಕೈನೂ ಹಚ್ಚಬೇಕು."

"ಹುಚ್ಚಿ, ಬೀಗರು ಏನಂದಾರು?"

"ಅನ್ನಲಿ. ನಾ ಈಗ ಡಕೋಟಾ ಹತ್ತಿ ಇಳದು ಬಂದೀನಿ."